ಮನೆಗೆ ಬರುವ ಮರ



‘ಪೀಠೋಪಕರಣ’ ಎಂಬ ಮಾತು ಕಚೇರಿಯ ಕಡತಗಳಲ್ಲಿಯೂ ಅಂಗಡಿಗಳ ಫಲಕಗಳಲ್ಲಿಯೂ ಗಂಭೀರವಾಗಿ ಕುಳಿತಿರುವುದೇ ಹೊರತು ಮನೆಯೊಳಗೆ ಯಾರೂ ಅದನ್ನು ಆಡುವುದಿಲ್ಲ. “ಆ ಪೀಠೋಪಕರಣವನ್ನು ಸ್ವಲ್ಪ ಈಚೆಗೆ ಸರಿಸಪ್ಪ” ಎಂದು ಯಾವ ತಾಯಿಯೂ ಮಗನಿಗೆ ಹೇಳಿರಲಾರಳು. ನಮ್ಮ ಹಳೆಯ ಮನೆಗಳಲ್ಲಿ ಮಣೆಯಿತ್ತು, ಮಂಚವಿತ್ತು, ತೊಟ್ಟಿಲಿತ್ತು, ಪೆಟ್ಟಿಗೆಯಿತ್ತು. ಅನುಕೂಲಸ್ಥರಾದರೆ ಪಡಸಾಲೆಯಲ್ಲೊಂದು ತೂಗುಮಂಚವಿತ್ತು. ಒಂದೊಂದಕ್ಕೂ ಅದರದೇ ಹೆಸರು ಇದ್ದುದರಿಂದ, ಎಲ್ಲವನ್ನೂ ಸೇರಿಸಿ ಕರೆಯಲು ಬೇರೊಂದು ಹೆಸರಿನ ಅಗತ್ಯವೇ ಬೀಳಲಿಲ್ಲ. ಉಳಿದದ್ದಕ್ಕೆಲ್ಲ ಚಾಪೆಯೂ ಜಮಖಾನವೂ ಸಾಕಾಗಿದ್ದವು. ಕುರ್ಚಿ ಮೇಜುಗಳು ನಮ್ಮ ಹೆಚ್ಚಿನ ಮನೆಗಳಿಗೆ ಬಂದದ್ದು ಕಚೇರಿಯ ಮತ್ತು ಶಾಲೆಯ ದಾರಿಯಿಂದ.

ಈ ಕಾರಣದಿಂದಲೋ ಏನೋ, ಬೇರೆ ವಸ್ತುಗಳನ್ನು ಕೊಳ್ಳುವಾಗ ನಮ್ಮಲ್ಲಿರುವ ಜಾಣತನ ಮರದ ಸಾಮಾನನ್ನು ಕೊಳ್ಳುವಾಗ ನಮ್ಮ ಜೊತೆಗೆ ಬರುವುದಿಲ್ಲ. ಅಕ್ಕಿಯನ್ನು ಅಂಗೈಯಲ್ಲಿ ಹರಡಿ, ಒಂದೆರಡು ಕಾಳನ್ನು ಬಾಯಿಗೆ ಹಾಕಿಕೊಂಡು ನೋಡುತ್ತೇವೆ. ಸೀರೆಯ ಸೆರಗನ್ನು ಮಗುಚಿ ಹಿಂಬದಿಯ ನೇಯ್ಗೆಯನ್ನು ಪರೀಕ್ಷಿಸುತ್ತೇವೆ. ಚಿನ್ನವನ್ನು ಒರೆಗೆ ಹಚ್ಚದೆ ನಂಬುವುದಿಲ್ಲ. ಮಂಚವನ್ನು ಕೊಳ್ಳಲು ಹೋದಾಗ ಮಾತ್ರ ಮೇಲಿನ ಹೊಳಪನ್ನು ನೋಡಿ, ಬೆಲೆಯನ್ನು ಕೇಳಿ, ಅಂಗಡಿಯವರ ಮಾತನ್ನು ನಂಬಿ ಹಿಂದಿರುಗುತ್ತೇವೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಬಲ್ಲವರೂ ಕೆಂಪಗಿರುವುದೆಲ್ಲ ತೇಗವೆಂದು ಒಪ್ಪಿಕೊಳ್ಳುತ್ತಾರೆ.

ಇದು ಬರಿಯ ಹಣದ ಮಾತಾಗಿದ್ದರೆ ಇಷ್ಟು ಹೇಳಬೇಕಾಗಿರಲಿಲ್ಲ. ಹಣದ ಮಾತೂ ಸಣ್ಣದಲ್ಲವೆನ್ನಿ. ನೌಕರಿ ಸಿಕ್ಕಾಗಲೋ ಮದುವೆಯಾದಾಗಲೋ ಮನೆ ಕಟ್ಟಿಸಿದಾಗಲೋ ಕೂಡಿಟ್ಟದ್ದನ್ನು ತೆಗೆದು, ಅದು ಸಾಲದೆ ಕಂತುಗಳನ್ನು ಒಪ್ಪಿಕೊಂಡು ಕೊಳ್ಳುವ ವಸ್ತುಗಳಿವು. ಕಂತು ತೀರುವ ಮೊದಲೇ ಬೀರುವಿನ ಬಾಗಿಲು ಜೋತುಬಿದ್ದರೆ ಆ ಸಂಸಾರಕ್ಕೆ ಆಗುವ ನಷ್ಟವನ್ನು ತುಂಬಿಕೊಡುವವರು ಯಾರೂ ಇಲ್ಲ. ಆದರೆ ಇಲ್ಲಿ ಇನ್ನೊಂದು ಲೆಕ್ಕವೂ ಇದೆ. ಮಲಬಾರಿನ ಕಲೆಕ್ಟರಾಗಿದ್ದ ಕೊನೊಲಿ ಎಂಬಾತ 1840ರ ದಶಕದಲ್ಲಿ ಕೇರಳದ ನಿಲಂಬೂರಿನಲ್ಲಿ ತೇಗದ ತೋಪನ್ನು ಹಾಕಿಸಿದ. ಆತ 1855ರಲ್ಲಿ ಕೊಲೆಯಾಗಿ ಸತ್ತ; ಆ ತೋಪಿನ ಒಂದು ಭಾಗ ಇಂದಿಗೂ ನಿಂತಿದೆ. ತೇಗವನ್ನು ನೆಡುವವನು ಅದರ ಮಂಚದ ಮೇಲೆ ಮಲಗುವುದಿಲ್ಲ. ಒಳ್ಳೆಯ ತೇಗ ಬಲಿಯಲು ಐವತ್ತು ಅರವತ್ತು ವರ್ಷಗಳಾದರೂ ಬೇಕು. ಅಷ್ಟು ಕಾಲ ಬೆಳೆದದ್ದನ್ನು ನಾವು ಆರು ವರ್ಷದಲ್ಲಿ ಮುರಿದು ಬಚ್ಚಲ ಒಲೆಗೆ ಹಾಕಿದರೆ, ಆ ನಷ್ಟ ಯಾರ ಲೆಕ್ಕಕ್ಕೆ ಸೇರಬೇಕು? ಮರ ಬೆಳೆಯಲು ತೆಗೆದುಕೊಂಡಷ್ಟು ಕಾಲವಾದರೂ ಅದರಿಂದ ಮಾಡಿದ ವಸ್ತು ಬಾಳಬೇಕೆಂಬುದು ನ್ಯಾಯವಾದ ಅಪೇಕ್ಷೆ. ಒಳ್ಳೆಯ ಸಾಮಾನನ್ನು ಆರಿಸುವ ವಿದ್ಯೆ ಈ ನ್ಯಾಯಕ್ಕೆ ಸಂಬಂಧಿಸಿದ್ದು.

ಮೊದಲು ಮರದ ಜಾತಿಯನ್ನು ನೋಡೋಣ. ಉತ್ತರ ಕರ್ನಾಟಕದವರು ಸಾಗುವಾನಿ ಎಂದು ಕರೆಯುವ ತೇಗಕ್ಕೆ ಇರುವ ಹೆಸರು ಸುಮ್ಮನೆ ಬಂದುದಲ್ಲ. ಅದರ ಮೈಯಲ್ಲಿ ಸಹಜವಾದ ಎಣ್ಣೆಯಂಶವಿದೆ. ಗೆದ್ದಲಿಗೆ ಒಗ್ಗದ ದ್ರವ್ಯಗಳಿವೆ. ಮಳೆಗಾಲ ಬೇಸಗೆಗಳಲ್ಲಿ ಅದು ಹಿಗ್ಗಿ ಕುಗ್ಗುವುದು ಬೇರೆ ಅನೇಕ ಮರಗಳಿಗಿಂತ ಕಡಿಮೆ. ಆದರೆ ಈ ಗುಣಗಳೆಲ್ಲ ಇರುವುದು ಚೇಗಿನಲ್ಲಿ, ಅಂದರೆ ದಿಮ್ಮಿಯ ಒಳಗಿನ ಬಲಿತ, ಹೊಂಬಣ್ಣದ ಭಾಗದಲ್ಲಿ. ಅದನ್ನು ಸುತ್ತಿರುವ ಹೊರಗಿನ ಬಿಳಿಯ ಭಾಗ ತೇಗದ್ದೇ ಆದರೂ ಹುಳುವಿಗೆ ಪ್ರಿಯವಾದದ್ದು. ಎಳೆಯ ಮರವನ್ನು ಕಡಿದಷ್ಟೂ ಈ ಬಿಳಿಯ ಭಾಗ ಹೆಚ್ಚು. ಅಂಗಡಿಯಲ್ಲಿ ಬಣ್ಣ ಬಳಿದು ಎರಡನ್ನೂ ಒಂದಾಗಿಸಿದಾಗ ‘ತೇಗ’ವೆಂಬ ಮಾತು ಸುಳ್ಳಾಗದೆಯೇ ಮೋಸವಾಗುತ್ತದೆ. ಆದ್ದರಿಂದ “ಇದು ತೇಗವೇ?” ಎಂದು ಕೇಳುವುದಕ್ಕಿಂತ “ಇದರಲ್ಲಿ ಚೇಗು ಎಷ್ಟು?” ಎಂದು ಕೇಳುವುದು ಮೇಲು. ಮಂಚದ ಕೆಳಗೆ, ಬೀರುವಿನ ಒಳಗೆ, ಬಣ್ಣ ತಾಗದ ಜಾಗದಲ್ಲಿ ನೋಡಿದರೆ ಉತ್ತರ ದೊರೆಯುತ್ತದೆ. ‘ಬರ್ಮಾ ತೇಗ’ ಎಂಬ ಹೆಸರಿಗೆ ನಮ್ಮಲ್ಲಿ ಈಗಲೂ ವಿಶೇಷ ಗೌರವ. ಆ ದೇಶ 2014ರ ಏಪ್ರಿಲ್ ತಿಂಗಳಿನಲ್ಲಿ ಇಡಿಯ ದಿಮ್ಮಿಗಳ ರಫ್ತನ್ನು ನಿಲ್ಲಿಸಿತು. ಆಫ್ರಿಕದಿಂದಲೂ ದಕ್ಷಿಣ ಅಮೆರಿಕದಿಂದಲೂ ತೇಗ ನಮ್ಮ ಪೇಟೆಗೆ ಬರುತ್ತದೆ. ಅವುಗಳಲ್ಲಿಯೂ ಒಳ್ಳೆಯದು ಇದೆ. ಆದರೆ ಊರಿನ ಹೆಸರಿಗೆ ಬೆಲೆ ಕೊಡುವ ಮೊದಲು ಮರದ ಮೈಯನ್ನು ನೋಡಬೇಕು.

ತೇಗವಲ್ಲದ್ದು ಮರವೇ ಅಲ್ಲವೆಂಬ ಭಾವನೆಯೂ ಸರಿಯಲ್ಲ. ವೀಣೆಯ ಕೊಡವಾಗುವ ಹಲಸು ಕರಾವಳಿಯ ಮನೆಗಳಲ್ಲಿ ಬಾಗಿಲಾಗಿ, ಪೆಟ್ಟಿಗೆಯಾಗಿ ತಲೆಮಾರುಗಳನ್ನು ಕಂಡಿದೆ. ಹೊಸದಾಗಿ ಕೊಯ್ದಾಗ ಹಳದಿಯಾಗಿರುವ ಅದು ವರ್ಷಗಳು ಕಳೆದಂತೆ ಗಾಢವಾದ ಕಂದುಬಣ್ಣಕ್ಕೆ ತಿರುಗುವುದನ್ನು ನೋಡುವುದೇ ಒಂದು ಸಂತೋಷ. ಪಶ್ಚಿಮ ಕರಾವಳಿಯ ದೋಣಿಗಳಿಗೆ ಒದಗುವ ಹೆಬ್ಬಲಸು, ತೊಲೆಗಂಬಗಳಿಗೆ ಹೆಸರಾದ ಮತ್ತಿ, ನೀರಿನ ಲೋಟಗಳಿಂದಾಗಿ ಮನೆಮನೆಗೂ ಪರಿಚಯವಾದ ಹೊನ್ನೆ, ಇವೆಲ್ಲ ಗಟ್ಟಿ ಮರಗಳೇ. ಬೇವು ಹುಳುವಿಗೆ ಸುಲಭವಾಗಿ ಬಗ್ಗುವುದಿಲ್ಲ. ಮಾವು, ರಬ್ಬರ್ ಮರ ಮೊದಲಾದವು ತಮ್ಮಷ್ಟಕ್ಕೆ ಬಹುಕಾಲ ಬಾಳುವವಲ್ಲ. ಆದರೆ ರಾಸಾಯನಿಕದಿಂದ ಸಂಸ್ಕರಿಸಿ ಚೆನ್ನಾಗಿ ಒಣಗಿಸಿದಾಗ ಒಳಾಂಗಣದ ಕುರ್ಚಿ ಮೇಜುಗಳಿಗೆ ಸಾಕಷ್ಟು ಯೋಗ್ಯ. ಹಣ್ಣು ಬಿಡುವುದನ್ನು ನಿಲ್ಲಿಸಿದ ಮಾವಿನ ಮರ, ಹಾಲು ಬತ್ತಿದ ರಬ್ಬರ್ ಮರ ಹೇಗೂ ಉರುಳಬೇಕಾದವು. ಅವು ಸೌದೆಯಾಗುವ ಬದಲು ಮೇಜಾಗುವುದರಲ್ಲಿ ವಿವೇಕವಿದೆ. ಅವನ್ನು ಅವುಗಳ ಹೆಸರಿನಿಂದಲೇ, ಅವುಗಳ ಬೆಲೆಗೇ ಮಾರಬೇಕೆಂಬುದಷ್ಟೇ ನಮ್ಮ ಒತ್ತಾಯವಾಗಬೇಕು.

ಬೀಟೆಯ ಮಾತು ಬೇರೆ. ಕಪ್ಪು, ಕೆನ್ನೇರಳೆ ಎಳೆಗಳು ಓಡುವ ಅದರ ಚೆಲುವಿಗೆ ಸಮನಾದ ಮರ ನಮ್ಮ ಕಾಡಿನಲ್ಲಿ ಮತ್ತೊಂದಿಲ್ಲವೆಂದರೂ ನಡೆದೀತು. ಮೈಸೂರಿನ ಕುಶಲಿಗಳು ಬಣ್ಣಬಣ್ಣದ ತುಣುಕುಗಳನ್ನು ಕೂರಿಸಿ ಚಿತ್ರ ಮೂಡಿಸುವುದು ಈ ಮರದ ಮೇಲೆಯೇ. ಆದರೆ ಅದು ಬಹಳ ನಿಧಾನವಾಗಿ ಬೆಳೆಯುವ ಮರ. ಕಾಡಿನಲ್ಲಿ ವಿರಳವಾಗುತ್ತ ಬಂದಿದೆ. 2017ರಿಂದ ಆ ಕುಲದ ಮರಗಳೆಲ್ಲ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿವೆ. ನಮ್ಮ ರಾಜ್ಯದಲ್ಲಿಯೂ ಅದನ್ನು ಕಡಿಯುವುದು ಸಾಗಿಸುವುದು ಅರಣ್ಯ ಇಲಾಖೆಯ ಅನುಮತಿಗೆ ಒಳಪಟ್ಟದ್ದು. ರಶೀದಿಯಿಲ್ಲದೆ, ಅಡ್ಡದಾರಿಯಲ್ಲಿ, ಅಗ್ಗವಾಗಿ ಬಂದ ಬೀಟೆಯ ಸೋಫಾ ಪಡಸಾಲೆಗೆ ಎಷ್ಟೇ ಕಳೆ ತಂದರೂ ಎಲ್ಲಿಯೋ ಒಂದು ಬುಡ ಕಳ್ಳತನದಲ್ಲಿ ಉರುಳಿತೆಂಬುದನ್ನು ಆ ಕಳೆ ಮರೆಮಾಡಲಾರದು. ಮನೆಯಲ್ಲಿ ಹಿರಿಯರ ಕಾಲದ ಬೀಟೆಯ ಸಾಮಾನಿದ್ದರೆ ಅದನ್ನು ಜೋಪಾನ ಮಾಡಿ. ಹೊಸದು ಬೇಕೇ ಬೇಕೆಂದರೆ ಕಾಗದಪತ್ರವಿಲ್ಲದೆ ಕೊಳ್ಳಬೇಡಿ.

ಎರಡನೆಯದು ಒಣಗುವಿಕೆಯ ಮಾತು. ಮರದ ಜಾತಿಗಿಂತಲೂ ಇದು ಮುಖ್ಯವೆಂದರೆ ಕೆಲವರಿಗೆ ಆಶ್ಚರ್ಯವಾಗಬಹುದು. ಕಡಿದ ಮರದ ಮೈಯೆಲ್ಲ ನೀರು. ಅದು ಆರುತ್ತ ಬಂದು, ತೇವಾಂಶ ನೂರಕ್ಕೆ ಸುಮಾರು ಮೂವತ್ತಕ್ಕಿಂತ ಕೆಳಗಿಳಿದ ಮೇಲೆ ಮರ ಕುಗ್ಗತೊಡಗುತ್ತದೆ. ಮನೆಯೊಳಗಿನ ಸಾಮಾನಿಗೆ ಅದು ಎಂಟರಿಂದ ಹನ್ನೆರಡರ ಸುಮಾರಿಗೆ ಬಂದಿರಬೇಕು. ಕರಾವಳಿಯ ತೇವದ ಹವೆಯಲ್ಲಿ ಇದಕ್ಕಿಂತ ಸ್ವಲ್ಪ ಹೆಚ್ಚಿದ್ದರೂ ಬಾಧಕವಿಲ್ಲ. ಈ ಕುಗ್ಗುವಿಕೆಗೂ ಒಂದು ಕ್ರಮವಿದೆ. ಉದ್ದಕ್ಕೆ ಮರ ಕುಗ್ಗುವುದು ಲೆಕ್ಕಕ್ಕಿಲ್ಲ. ತಿರುಳಿನಿಂದ ತೊಗಟೆಯ ಕಡೆಗೆ ಸ್ವಲ್ಪ ಕುಗ್ಗುತ್ತದೆ. ವರ್ಷದ ಉಂಗುರಗಳ ಸುತ್ತಿನಲ್ಲಿ ಅದರ ಸುಮಾರು ಎರಡರಷ್ಟು ಕುಗ್ಗುತ್ತದೆ. ಹಸಿಯ ಹಲಗೆ ಡೊಂಕಾಗುವುದು, ದೋಣಿಯಂತೆ ಬಾಗುವುದು, ಬಿರಿಯುವುದು, ಎಲ್ಲವೂ ಈ ಅಸಮತೆಯ ಫಲ. ಹಲಗೆಗಳ ನಡುವೆ ಗಾಳಿಯಾಡುವಂತೆ ತುಂಡುಗಳನ್ನಿಟ್ಟು ನೆರಳಿನಲ್ಲಿ ತಿಂಗಳುಗಟ್ಟಲೆ ಒಣಗಿಸುವುದು ಹಳೆಯ ಪದ್ಧತಿ. ಬಿಸಿಯ ಕೋಣೆಗಳಲ್ಲಿ ಹದವರಿತು ಬೇಗ ಒಣಗಿಸುವುದು ಹೊಸ ಪದ್ಧತಿ. ಎರಡರಲ್ಲಿ ಯಾವುದಾದರೂ ಸರಿ, ಎರಡೂ ಇಲ್ಲದಿರುವುದು ಮಾತ್ರ ಸರಿಯಲ್ಲ. ತೇವವನ್ನು ಅಳೆಯುವ ಪುಟ್ಟ ಯಂತ್ರಗಳು ಈಗ ದೊರೆಯುತ್ತವೆ. ದೊಡ್ಡ ಮೊತ್ತದ ಸಾಮಾನು ಕೊಳ್ಳುವವರು ಅಂಥದರಿಂದ ಅಳೆದು ತೋರಿಸುವಂತೆ ಕೇಳಲು ಸಂಕೋಚಪಡಬೇಕಾಗಿಲ್ಲ.

ಒಣಗಿದ ಮರವೂ ನಿಶ್ಚಲವಲ್ಲವೆಂಬುದನ್ನು ಮರೆಯಬಾರದು. ಆಷಾಢದಲ್ಲಿ ಬಿಗಿಯುವ ಬಾಗಿಲು ಚೈತ್ರದಲ್ಲಿ ಸಡಿಲವಾಗುವುದನ್ನು ಕಾಣದವರಾರು? ಒಂದೂವರೆ ಅಡಿ ಅಗಲದ ತೇಗದ ಹಲಗೆಯೂ ಮಳೆಗಾಲಕ್ಕೂ ಬೇಸಗೆಗೂ ನಡುವೆ ಮೂರು ನಾಲ್ಕು ಮಿಲಿಮೀಟರಿನಷ್ಟು ಹಿಗ್ಗಿ ಕುಗ್ಗಬಹುದು. ಮಂಗಳೂರಿನ ಮಳೆಗಾಲದಲ್ಲಿ ಮಾಡಿಸಿದ ಬೀರು ರಾಯಚೂರಿನ ಬೇಸಗೆಯನ್ನು ಕಂಡಾಗ ನಿಟ್ಟುಸಿರು ಬಿಡುವುದು ಸಹಜವೇ. ಮರದ ಈ ಸ್ವಭಾವವನ್ನು ಬಲ್ಲ ಬಡಗಿ ಅದನ್ನು ತಡೆಯಲು ಹೋಗುವುದಿಲ್ಲ. ಅದಕ್ಕೆ ಎಡೆ ಮಾಡಿಕೊಡುತ್ತಾನೆ. ಬಾಗಿಲಿನ ಚೌಕಟ್ಟಿನ ಒಳ ಅಂಚಿನಲ್ಲಿ ತೋಡು ಕೊರೆದು, ನಡುವಣ ಹಲಗೆಯನ್ನು ಅಂಟು ಹಾಕದೆ ಅದರೊಳಗೆ ಕೂಡಿಸುತ್ತಾನೆ. ಹಲಗೆ ಒಳಗೊಳಗೇ ಉಸಿರಾಡಿಕೊಂಡಿರುತ್ತದೆ, ಚೌಕಟ್ಟು ಕದಲುವುದಿಲ್ಲ. ಅಂಥ ಹಲಗೆಯನ್ನು ಸುತ್ತಲೂ ಮೊಳೆ ಹೊಡೆದು ಬಿಗಿದಿದ್ದರೆ ಅದು ಇಂದಲ್ಲ ನಾಳೆ ಸೀಳಿಯೇ ಸೀಳುತ್ತದೆ.

ಸಾಮಾನಿನ ಆಯುಸ್ಸು ನಿಂತಿರುವುದು ಕೂಡುವ ಎಡೆಗಳಲ್ಲಿ. ಕುರ್ಚಿ ಮುರಿಯುವುದು ಕಾಲಿನ ನಡುವೆಯಲ್ಲ. ಕಾಲು ಚೌಕಟ್ಟನ್ನು ಸೇರುವಲ್ಲಿ. ಒಂದು ತುಂಡಿನ ತುದಿಯನ್ನು ನಾಲಗೆಯಂತೆ ಕೊರೆದು, ಇನ್ನೊಂದರಲ್ಲಿ ಅದಕ್ಕೆ ಸರಿಯಾದ ಕಿಂಡಿಯನ್ನು ತೋಡಿ, ಒಂದರೊಳಗೊಂದು ಬಿಗಿದಾಗ ಆ ಕೂಡಿಕೆ ಮೊಳೆಯನ್ನೇ ಅವಲಂಬಿಸಿರುವುದಿಲ್ಲ. ಮೇಜಿನ ಖಾನೆಯ ಮೂಲೆಗಳನ್ನು ಪಾರಿವಾಳದ ಬಾಲದ ಆಕಾರದ ಹಲ್ಲುಗಳಿಂದ ಕೂಡಿಸಿದ್ದರೆ ನೂರು ಸಲ ಎಳೆದರೂ ಅದು ಬಿಚ್ಚಿಕೊಳ್ಳುವುದಿಲ್ಲ. ಇವನ್ನು ಪರೀಕ್ಷಿಸಲು ಬಡಗಿಯಾಗಬೇಕಾಗಿಲ್ಲ. ಖಾನೆಯನ್ನು ಪೂರ್ತಿ ಹೊರಗೆಳೆದು ಮೂಲೆಯನ್ನು ನೋಡಿ. ಕುರ್ಚಿಯ ಮೇಲೆ ಕುಳಿತು ಪಕ್ಕಕ್ಕೆ ಮೆಲ್ಲನೆ ವಾಲಿ. ಕಿರುಗುಟ್ಟಿದರೆ ಅದು ತನ್ನ ಭವಿಷ್ಯವನ್ನು ತಾನೇ ನುಡಿಯುತ್ತಿದೆಯೆಂದು ತಿಳಿಯಿರಿ. ಮೇಜಿನ ಒಂದು ಮೂಲೆಯನ್ನು ಹಿಡಿದು ಸ್ವಲ್ಪ ಎತ್ತಿ. ಜೊತೆಯ ಕಾಲು ತಾನೂ ಬೇಗನೆ ಮೇಲೇಳಬೇಕು. ಚೌಕಟ್ಟು ತಿರುಚಿಕೊಂಡಂತಾದರೆ ಕೂಡಿಕೆ ದುರ್ಬಲ.

ಇನ್ನು ಮೇಲ್ಮೈಯನ್ನು ಓದುವ ಬಗೆ. ಇಡಿಯ ಮರದ ಹಲಗೆಯಾದರೆ ಮೇಲೆ ಓಡಿದ ಎಳೆ ಅಂಚಿನಲ್ಲಿ ಇಳಿದು ತುದಿಯಲ್ಲಿ ಉಂಗುರದ ಗೆರೆಯಾಗಿ ಮುಂದುವರಿಯುತ್ತದೆ. ಮೇಲೊಂದು ಚಿತ್ರ, ಅಂಚಿನಲ್ಲಿ ಇನ್ನೊಂದು ಚಿತ್ರವಿದ್ದರೆ ಅದು ತೆಳುವಾದ ಹಾಳೆಯನ್ನು ಅಂಟಿಸಿದ್ದು. ಒಂದೇ ಚಿತ್ರ ಅಡಿಗೊಮ್ಮೆ ಮರುಕಳಿಸಿದರೆ ಅದು ಮರವೇ ಅಲ್ಲ, ಮುದ್ರಣ. ಪ್ರಕೃತಿ ತನ್ನ ಒಂದು ಸಾಲನ್ನು ಎರಡನೆಯ ಸಲ ಅಚ್ಚು ಹಾಕುವುದಿಲ್ಲ. ಹೊಸ ಸಾಮಾನಿನ ಕೆಳಗೆ ಹಿಟ್ಟಿನಂಥ ಸಣ್ಣ ಪುಡಿ ಬಿದ್ದಿದ್ದರೆ, ಮೈಯಲ್ಲಿ ಸೂಜಿಮೊನೆಯ ತೂತುಗಳಿದ್ದರೆ, ಅದು ಎಷ್ಟೇ ಅಗ್ಗವಾದರೂ ಬೇಡ. ಕುಟ್ಟೆಹುಳು ಆಗಲೇ ಮನೆಮಾಡಿದೆ. ದಪ್ಪನೆಯ ಗಾಜಿನಂಥ ಲೇಪ ಕೆಲವೊಮ್ಮೆ ಪುಟ್ಟಿ ತುಂಬಿದ ಬಿರುಕುಗಳ ಮುಸುಕೂ ಆಗಿರುತ್ತದೆ. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯಿಂದ ಉಜ್ಜಿ ಉಜ್ಜಿ ಬರಿಸುವ ಹಳೆಯ ಪಾಲಿಶ್ ಬಿಸಿ ಲೋಟಕ್ಕೂ ನೀರಿಗೂ ಬೇಗ ಕಲೆಗೊಳ್ಳುವುದು ನಿಜ. ಆದರೆ ಅದನ್ನು ಮತ್ತೆ ಉಜ್ಜಿ ಹೊಸದಾಗಿಸಬಹುದು. ಊಟದ ಮೇಜಿಗೆ ಗಟ್ಟಿಯ ಲೇಪವೇ ಅನುಕೂಲ. ಪುಸ್ತಕದ ಕಪಾಟಿಗೆ ಅರಗಿನ ಮೆರುಗೇ ಅಂದ.

ಪದರ ಪದರವಾಗಿ ಅಂಟಿಸಿದ ಪ್ಲೈವುಡ್ಡನ್ನು ಕಂಡರೆ ಮೂಗು ಮುರಿಯುವುದು ಹಳೆಯ ಕಾಲದವರ ಅಭ್ಯಾಸ. ಒಂದು ಪದರದ ಎಳೆಗೆ ಅಡ್ಡವಾಗಿ ಇನ್ನೊಂದರ ಎಳೆ ಬರುವಂತೆ ಅದನ್ನು ಜೋಡಿಸುವುದರಿಂದ ಅದು ಹಿಗ್ಗಿ ಕುಗ್ಗುವುದು ಬಹಳ ಕಡಿಮೆ. ಅಗಲವಾದ ಬಾಗಿಲಿಗೆ, ಬೀರುವಿನ ಬೆನ್ನಿಗೆ ಅದು ಇಡಿಯ ಮರಕ್ಕಿಂತ ಉಚಿತವಾದೀತು. ಐ.ಎಸ್.ಐ. ಗುರುತನ್ನೂ ಅದರ ಜೊತೆಗಿನ ಸಂಖ್ಯೆಯನ್ನೂ ನೋಡಿ ಕೊಳ್ಳಬೇಕು: ಸಾಮಾನ್ಯ ಬಳಕೆಯದಕ್ಕೆ 303, ನೀರನ್ನು ಚೆನ್ನಾಗಿ ತಡೆಯಬೇಕಾದದ್ದಕ್ಕೆ 710. ಮರದ ಚೂರು, ಹೊಟ್ಟುಗಳನ್ನು ಅಂಟಿನೊಡನೆ ಒತ್ತಿ ಮಾಡಿದ ಹಲಗೆಗಳ ಮಾತು ಬೇರೆ. ಅಗ್ಗ, ನುಣುಪು, ನೋಟಕ್ಕೆ ಚೆನ್ನ. ಆದರೆ ಅವುಗಳಲ್ಲಿ ಹೆಚ್ಚಿನವಕ್ಕೆ ನೀರು ತಾಗಿದರೆ ಅಂಚು ಉಬ್ಬುತ್ತದೆ. ಒಮ್ಮೆ ಬಿಚ್ಚಿದ ತಿರುಪು ಮೊಳೆ ಅದೇ ತೂತಿನಲ್ಲಿ ಮೊದಲಿನಂತೆ ಕಚ್ಚುವುದಿಲ್ಲ. ಮನೆಯಿಂದ ಮನೆಗೆ ಹೋಗುವ ಬಾಡಿಗೆದಾರರಿಗೆ ಇದು ಮುಖ್ಯವಾದ ಸಂಗತಿ. ತೆರೆದೊಡನೆ ಕಣ್ಣು ಉರಿಸುವ ಘಾಟು ಬೀರುವಿನಿಂದ ಬಂದರೆ ಆ ಅಂಟಿನ ಆವಿ ಮಕ್ಕಳು ಮಲಗುವ ಕೋಣೆಗೆ ಒಳ್ಳೆಯದಲ್ಲ.

ಮರ ಚೆನ್ನಾಗಿದ್ದು ಅಳತೆ ತಪ್ಪಿದರೂ ಸುಖವಿಲ್ಲ. ಕುರ್ಚಿಯ ಪೀಠ ನೆಲದಿಂದ ಹದಿನಾರರಿಂದ ಹದಿನೆಂಟು ಅಂಗುಲ, ಬರೆಯುವ ಮೇಜು ಇಪ್ಪತ್ತೆಂಟರಿಂದ ಮೂವತ್ತು ಅಂಗುಲವಿರುವುದು ರೂಢಿ. ಆದರೆ ಅಂಗಾಲು ನೆಲಕ್ಕೆ ಊರಿ ತೊಡೆ ಹಗುರವಾಗಿ ನಿಲ್ಲುವಂತಿದೆಯೇ ಎಂಬುದೇ ಕಡೆಯ ಪ್ರಮಾಣ. ಮನೆಯಲ್ಲಿ ಹೆಚ್ಚು ಹೊತ್ತು ಕುಳಿತುಕೊಳ್ಳುವ ಅಜ್ಜಿಯನ್ನು ಅಂಗಡಿಗೆ ಕರೆದೊಯ್ಯದೆ ಅಜ್ಜಿಯ ಕುರ್ಚಿಯನ್ನು ಕೊಳ್ಳಬಾರದು. ಸಾಹಿತ್ಯಾಸಕ್ತರಾದ ನೀವು ಪುಸ್ತಕದ ಕಪಾಟಿನ ವಿಷಯದಲ್ಲಿ ಇನ್ನೂ ಎಚ್ಚರವಾಗಿರಬೇಕು. ಒಂದಡಿ ಉದ್ದದ ಪುಸ್ತಕಗಳ ಸಾಲು ಏಳೆಂಟು ಕಿಲೋ ತೂಗುವುದು ಅಪರೂಪವಲ್ಲ. ವಿದ್ಯೆಗೆ ಭಾರವಿಲ್ಲವೆಂಬ ಮಾತು ಹಲಗೆಗೆ ಅನ್ವಯಿಸುವುದಿಲ್ಲ. ಆಧಾರಗಳ ನಡುವಣ ದೂರವನ್ನು ಎರಡರಷ್ಟು ಮಾಡಿ ಪೂರ್ತಿ ಪುಸ್ತಕ ತುಂಬಿದರೆ ಹಲಗೆ ಬಗ್ಗುವುದು ಹದಿನಾರರಷ್ಟಾಗುತ್ತದೆ. ದಪ್ಪವನ್ನು ಎರಡರಷ್ಟು ಮಾಡಿದರೆ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮುಕ್ಕಾಲು ಅಂಗುಲದ ಹಲಗೆಗೆ ಎರಡೂವರೆ ಅಡಿಗೊಂದು ಆಧಾರ ಕೊಡಿಸಿಕೊಂಡರೆ ನಿಘಂಟುಗಳೂ ಸಮಗ್ರ ಸಂಪುಟಗಳೂ ನಿಶ್ಚಿಂತೆಯಾಗಿ ನಿಂತಿರುತ್ತವೆ.

ಹೊಸದನ್ನು ಕೊಳ್ಳುವ ಮೊದಲು ಹಳೆಯದನ್ನು ಇನ್ನೊಮ್ಮೆ ನೋಡಬೇಕೆಂಬುದು ನನ್ನ ವಿನಂತಿ. ಚಂಡೀಗಢ ನಗರವನ್ನು ಕಟ್ಟುವ ಕಾಲದಲ್ಲಿ, 1950 ಮತ್ತು 60ರ ದಶಕಗಳಲ್ಲಿ, ಪಿಯರ್ ಜಾನ್ನರೆ ಎಂಬ ವಾಸ್ತುಶಿಲ್ಪಿಯ ನೇತೃತ್ವದಲ್ಲಿ ಅಲ್ಲಿಯ ಕಚೇರಿಗಳಿಗಾಗಿ ತೇಗ ಮತ್ತು ಬೆತ್ತದ ಸರಳವಾದ ಕುರ್ಚಿಗಳು ತಯಾರಾದವು. ದಶಕಗಳ ಬಳಿಕ ಬೆತ್ತ ಹರಿದು ಕಾಲು ಸಡಿಲವಾದಾಗ ಅವು ಗುಜರಿಯ ಬೆಲೆಗೆ ಹರಾಜಾದವು. ಕೊಂಡವರು ಅವನ್ನು ದುರಸ್ತಿ ಮಾಡಿ ಹೊರದೇಶಗಳ ಹರಾಜು ಮನೆಗಳಲ್ಲಿ ಲಕ್ಷಗಟ್ಟಲೆ ರೂಪಾಯಿಗೆ ಮಾರಿದರು. 2011ರಲ್ಲಿ ಕೇಂದ್ರ ಗೃಹ ಇಲಾಖೆ ಅಂಥ ಸಾಮಾನುಗಳ ಮಾರಾಟ ಮತ್ತು ರಫ್ತನ್ನು ತಡೆಯುವ ಆದೇಶ ಹೊರಡಿಸುವ ವೇಳೆಗೆ ಎಷ್ಟೋ ಕುರ್ಚಿಗಳು ಕಡಲು ದಾಟಿದ್ದವು. ನಮ್ಮ ಅಟ್ಟದ ಮೇಲಿನ ಮುರುಕು ಕುರ್ಚಿ ಲಕ್ಷ ತರುತ್ತದೆಂದು ಹೇಳುತ್ತಿಲ್ಲ. ಬೆತ್ತವನ್ನು ಮತ್ತೆ ಹೆಣೆಸಿ, ಎರಡು ಕೂಡಿಕೆಗಳನ್ನು ಬಿಗಿಸಿದರೆ ಅದು ಇನ್ನೊಂದು ತಲೆಮಾರು ಬಾಳುವುದೆಂಬುದನ್ನು ಬೇರೆಯವರು ಬಂದು ನಮಗೆ ತೋರಿಸಿಕೊಡಬೇಕಾಯಿತಲ್ಲ ಎಂಬುದೇ ವಿಷಾದ. ಹಳೆಯ ಮನೆ ಕೆಡವಿದಾಗ ಸಿಗುವ ತೊಲೆ, ಬಾಗಿಲುಗಳ ಮರವೂ ಹಾಗೆಯೇ. ಅದು ಎಂದೋ ಕುಗ್ಗಿ ಮುಗಿಸಿ ಹದಗೊಂಡ ಮರ. ಮೊಳೆಗಳನ್ನು ಕಿತ್ತು, ಹುಳುವಿಲ್ಲವೆಂದು ಖಚಿತಪಡಿಸಿಕೊಂಡರೆ ಅದಕ್ಕಿಂತ ಒಳ್ಳೆಯ ಮರ ಸಿಗುವುದು ಕಷ್ಟ.

ಕಡೆಯದಾಗಿ ಬಡಗಿಯ ಮಾತು. ಸಿದ್ಧವಾದ ಸಾಮಾನನ್ನು ಕೊಳ್ಳಬೇಕೋ ಮಾಡಿಸಬೇಕೋ ಎಂಬ ಪ್ರಶ್ನೆಗೆ ಎಲ್ಲರಿಗೂ ಹೊಂದುವ ಒಂದೇ ಉತ್ತರವಿಲ್ಲ. ಕಾರ್ಖಾನೆಯ ಕೆಲಸದಲ್ಲಿ ಅಳತೆಯ ನಿಖರತೆಯಿದೆ, ಹೊತ್ತಿಗೆ ಸರಿಯಾಗಿ ದೊರೆಯುವ ಅನುಕೂಲವಿದೆ. ಮಾಡಿಸಿದ ಕೆಲಸದಲ್ಲಿ ಮರವನ್ನು ಬಣ್ಣ ಬಳಿಯುವ ಮೊದಲೇ ಕಣ್ಣಾರೆ ಕಾಣುವ ಅವಕಾಶವಿದೆ. ಕೆಟ್ಟಾಗ ಸರಿಪಡಿಸಲು ಕೂಗಿದರೆ ಓಗೊಡುವ ಮನುಷ್ಯನಿದ್ದಾನೆ. ಮಾಡಿಸುವುದಾದರೆ ಮರದ ಜಾತಿ, ಘನ ಅಡಿಯ ಲೆಕ್ಕ, ಕೂಲಿ, ಮುಗಿಸುವ ದಿನ, ಇಷ್ಟನ್ನೂ ಕಾಗದದ ಮೇಲೆ ಬರೆದುಕೊಳ್ಳುವುದು ಇಬ್ಬರ ಸ್ನೇಹಕ್ಕೂ ಕ್ಷೇಮ. ಮರದ ಜಾತಿಯಲ್ಲೇ ಸಂದೇಹ ಬಂದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಂಥ ಕಡೆ ಚಿಕ್ಕ ತುಂಡನ್ನು ಪರೀಕ್ಷಿಸಿ ಹೆಸರು ಹೇಳಬಲ್ಲ ತಜ್ಞರಿದ್ದಾರೆ. ಆದರೆ ಕೂಲಿಯನ್ನು ಚೌಕಾಸಿ ಮಾಡಿ ಅರ್ಧಕ್ಕಿಳಿಸಿದವರು ಕೂಡಿಕೆ ಗಟ್ಟಿಯಿಲ್ಲವೆಂದು ದೂರುವುದು ನ್ಯಾಯವಲ್ಲ. ನಾಲಗೆ, ಕಿಂಡಿಗಳನ್ನು ಕೊರೆದು ಕೂಡಿಸಲು ಒಂದು ದಿನ ಬೇಕು. ಮೊಳೆ ಹೊಡೆಯಲು ಒಂದು ಗಳಿಗೆ ಸಾಕು. ಗಳಿಗೆಯ ಕೂಲಿ ಕೊಟ್ಟು ದಿನದ ಕೆಲಸವನ್ನು ಕೇಳಿದರೆ ಉಳಿ ಹಿಡಿದವನು ಏನು ಮಾಡಿಯಾನು? ಉಳಿಯ ಕೆಲಸಕ್ಕೆ ಬೆಲೆ ಕೊಡುವವರು ಇಲ್ಲದಾದರೆ ಅದನ್ನು ಕಲಿಯುವವರೂ ಇಲ್ಲದಾಗುತ್ತಾರೆ.

ಎಲ್ಲ ಕೋಣೆಗಳನ್ನೂ ಒಂದೇ ಸಲ ತುಂಬಿಬಿಡಬೇಕೆಂಬ ಅವಸರವನ್ನು ಬಿಟ್ಟರೆ ಇಲ್ಲಿಯವರೆಗೆ ಹೇಳಿದ್ದರಲ್ಲಿ ಹೆಚ್ಚಿನದು ತಾನಾಗಿಯೇ ಸಾಧ್ಯವಾಗುತ್ತದೆ. ಹತ್ತು ಹಗುರವಾದ ಸಾಮಾನುಗಳಿಗೆ ಹಂಚಿಹೋಗುವ ಹಣದಲ್ಲಿ ಈ ವರ್ಷ ಒಂದು ಒಳ್ಳೆಯ ಮಂಚ ಬರಲಿ. ಇನ್ನೆರಡು ವರ್ಷಕ್ಕೆ ಒಂದು ಮೇಜು ಬರಲಿ. ಅಲ್ಲಿಯವರೆಗೆ ಚಾಪೆಯ ಮೇಲೆ ಕುಳಿತು ಉಂಡರೆ ಕೊರತೆಯೇನೂ ಆಗುವುದಿಲ್ಲ. ನಿಧಾನವಾಗಿ ಬೆಳೆದ ಮರ ನಿಧಾನವಾಗಿಯೇ ಮನೆಗೆ ಬರಲಿ. ಮಕ್ಕಳು ಅದರ ಮೇಲೆ ಮಸಿ ಚೆಲ್ಲಿ, ಮೊಮ್ಮಕ್ಕಳು ಆ ಕಲೆಯನ್ನು ತೋರಿಸಿ ಇದು ಯಾರು ಮಾಡಿದ್ದೆಂದು ಕೇಳುವಷ್ಟು ಕಾಲ ಅದು ನಮ್ಮಲ್ಲಿ ಉಳಿಯಲಿ.